ಕಾರು ತಗ್ಗಿತು, ಹಂಪು ಎದ್ದಿತು

ಒಂದು ಭಾನುವಾರ ಬೆಳಗ್ಗೆ ಕುಣಿಗಲ್ ತಾಲ್ಲೂಕಿನ ಒಂದು ಊರ ಮುಂದೆ ಟೀ ಕುಡಿಯುತ್ತಾ ನಿಂತಿದ್ದೆವು. ಹೆದ್ದಾರಿ ಬಿಟ್ಟು ಒಳರಸ್ತೆಗೆ ಇಳಿದ ಒಂದು ಕೆಂಪು ಕಾರು ಬಂತು. ನಮ್ಮ ಸೊಂಟದಷ್ಟೂ ಎತ್ತರ ಇರಲಿಲ್ಲ ಅನ್ನಿಸಿತು. ಸದ್ದು ಮಾತ್ರ ಊರಿಗೆಲ್ಲ ಕೇಳಿಸುತ್ತಿತ್ತು. ಊರ ಬಾಗಿಲ ಹಂಪಿನ ಹತ್ತಿರ ಬಂದು ಅದು ನಿಂತೇಬಿಟ್ಟಿತು. ಓಡಿಸುತ್ತಿದ್ದ ಹುಡುಗ ಸ್ಟೇರಿಂಗ್ ತಿರುಗಿಸಿ, ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ನೋಡಿದ. ಆದರೂ ಕೆಳಗೆ ಕರ್ರ್ ಅಂತ ಉಜ್ಜಿತು. ನಮ್ಮೂರ ಹುಡುಗರು ಮೊಬೈಲ್ ಹಿಡಿದು ವಿಡಿಯೊ ಮಾಡಿಕೊಂಡರು.

ಅರಳಿಕಟ್ಟೆ ಮೇಲೆ ಕೂತಿದ್ದ ತಾತ ಕೇಳಿದರು: "ಅಲ್ಲ ಕಣ್ರಪ್ಪಾ, ಕೋಟಿ ಕೊಟ್ಟು ತಗಂಡಿರೋ ಗಾಡಿ ಅಂತೀರಿ. ನಮ್ ಎತ್ತಿನ ಗಾಡಿ ದಾಟೋ ಉಬ್ಬು ದಾಟಕ್ಕಾಗಲ್ಲ ಅಂದ್ರೆ ಅದೆಂಥ ಗಾಡಿ?"

ಎಲ್ಲರೂ ನಕ್ಕೆವು. ಆದರೆ ತಾತನಿಗೆ ಕೊಡಲು ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಇನ್ನೊಂದು ಮಾತೂ ಅವತ್ತೇ ನೆನಪಾಯಿತು. ಜಿಲ್ಲೆಯ ಸುದ್ದಿ ಬರೆಯುವ ನಾವು "ಟೈರ್ ಸಿಡಿದು ಕಾರು ಪಲ್ಟಿ" ಎಂಬ ಸಾಲನ್ನು ಎಷ್ಟು ಸಲ ಬರೆದಿದ್ದೇವೋ ಲೆಕ್ಕವಿಲ್ಲ. ಆ ಟೈರಿನಲ್ಲಿ ಗಾಳಿ ಎಷ್ಟಿತ್ತು, ಅದು ಯಾವ ವರ್ಷದ ಟೈರು ಎಂದು ಒಮ್ಮೆಯೂ ಕೇಳಿಲ್ಲ. ಸಿಡಿಲು ಹೊಡೆದ ಹಾಗೆ, ಟೈರ್ ಸಿಡಿಯುವುದೂ ಹಣೆಬರಹ ಎಂದು ಬರೆದು ಮುಗಿಸಿದ್ದೇವೆ. ಹಾಗಾಗಿ ಈ ಬರಹ. ಕಾರು ಯಾಕೆ ತಗ್ಗಿತು, ಚಕ್ರದೊಳಗೆ ಗಾಳಿ ಯಾವಾಗ ಹೊಕ್ಕಿತು, ಇವೆರಡೂ ನಮ್ಮೂರ ರಸ್ತೆಗೆ ಬಂದು ಏನಾಯಿತು ಎನ್ನುವ ಕತೆ.

ಎರಡು ರಸ್ತೆ, ಮೂರು ಊರು

ತುಮಕೂರಿನ ಬಿ.ಎಚ್. ರಸ್ತೆ ಎಲ್ಲರಿಗೂ ಗೊತ್ತು. ಬಿ.ಎಚ್. ಅಂದರೆ ಬೆಂಗಳೂರು–ಹೊನ್ನಾವರ. ಗುಬ್ಬಿ ಇರುವುದೂ ಅದೇ ದಾರಿಯಲ್ಲಿ. ಕುಣಿಗಲ್ ಮೇಲೆ ಹೋಗುವುದು ಬಿ.ಎಂ. ರಸ್ತೆ, ಅಂದರೆ ಬೆಂಗಳೂರು–ಮಂಗಳೂರು. ಒಂದು ಮಲೆನಾಡು ಹತ್ತಿ ಸಮುದ್ರಕ್ಕೆ ಇಳಿಯುತ್ತದೆ, ಇನ್ನೊಂದು ಹಾಸನದ ಮೇಲೆ ಘಟ್ಟ ಇಳಿಯುತ್ತದೆ. ತೆಂಗು, ಅಡಿಕೆ, ರಾಗಿ ಸಾಗಿಸಿದ ಎತ್ತಿನ ಗಾಡಿಗಳು ಓಡಿದ್ದೂ ಈ ದಾರಿಗಳಲ್ಲೇ. ಈಗ ಶನಿವಾರ, ಭಾನುವಾರ ಬೆಂಗಳೂರಿನಿಂದ ಗುಂಪು ಗುಂಪಾಗಿ ಬರುವ ಗಿಡ್ಡ ಕಾರುಗಳು ಓಡುವುದೂ ಇವುಗಳಲ್ಲೇ.

ಎತ್ತಿನ ಗಾಡಿಯ ಗಾಲಿ ಆಳೆತ್ತರಕ್ಕೆ ಸ್ವಲ್ಪ ಕಡಿಮೆ ಇರುತ್ತಿತ್ತು. ಅದು ಚಂದಕ್ಕಲ್ಲ. ಚಕ್ರ ದೊಡ್ಡದಾದಷ್ಟೂ ಗುಂಡಿಗೆ ಪೂರ್ತಿ ಇಳಿಯುವುದಿಲ್ಲ, ಕಲ್ಲಿನ ಮೇಲೆ ಸುಲಭವಾಗಿ ಹತ್ತುತ್ತದೆ. ರಸ್ತೆಯೇ ಇಲ್ಲದ ಕಾಲಕ್ಕೆ ಎತ್ತರವೇ ರಸ್ತೆ. ಗಾಲಿಗೆ ಕಬ್ಬಿಣದ ಪಟ್ಟಿ ಹಾಕುವಾಗ ಆಚಾರಿ ಅದನ್ನು ಗಾಲಿಯ ಸುತ್ತಳತೆಗಿಂತ ಒಂಚೂರು ಕಮ್ಮಿ ಮಾಡುತ್ತಿದ್ದರು. ಪಟ್ಟಿಯನ್ನು ಕೆಂಪಗೆ ಕಾಯಿಸಿದರೆ ಹಿಗ್ಗಿ ಗಾಲಿಯ ಮೇಲೆ ಕೂರುತ್ತದೆ, ನೀರು ಸುರಿದರೆ ಕುಗ್ಗಿ ಬಿಗಿಯಾಗುತ್ತದೆ. ಅಳತೆ ಹೆಚ್ಚಾದರೆ ಪಟ್ಟಿ ಕಳಚುತ್ತದೆ, ಕಮ್ಮಿಯಾದರೆ ಗಾಲಿಯೇ ಮುರಿಯುತ್ತದೆ. ಇನ್ನು ಅಚ್ಚಿಗೆ ಕೀಲೆಣ್ಣೆ. ಎಣ್ಣೆ ಹಾಕದೆ ಗಾಡಿ ಕಟ್ಟಿದವನಿಗೆ ಊರೆಲ್ಲ ಬೈಗುಳ, ಯಾಕೆಂದರೆ ಅವನ ಗಾಡಿ ಕಿರುಗುಟ್ಟುವುದು ಮೈಲಿ ದೂರಕ್ಕೆ ಕೇಳುತ್ತಿತ್ತು. ಅಳತೆ ಮತ್ತು ಆರೈಕೆ ಎರಡೂ ಆವತ್ತೇ ಇದ್ದವು.

ಕುಣಿಗಲ್‌ನ ವೇಗ

ವೇಗ ಅನ್ನುವುದು ನಮ್ಮ ಜಿಲ್ಲೆಗೆ ಕಾರಿನ ಜೊತೆ ಬಂದದ್ದಲ್ಲ. ಕುಣಿಗಲ್ ಕುದುರೆ ಫಾರಂ ಟಿಪ್ಪು ಸುಲ್ತಾನನ ಕಾಲದ್ದು, 1790ರ ಸುಮಾರಿನದು. ಸೈನ್ಯದ ಅಶ್ವದಳಕ್ಕೆ ಕುದುರೆ ಸಾಕಲು ಶುರುವಾದ ಜಾಗ. 400 ಎಕರೆಗೂ ಮಿಕ್ಕಿದ ಆ ಹುಲ್ಲುಗಾವಲು ಆಮೇಲೆ ರೇಸ್ ಕುದುರೆಗಳ ತೊಟ್ಟಿಲಾಯಿತು.

ರೇಸ್ ಕುದುರೆಯನ್ನು ಆ ಕಾಲದ ಸ್ಪೋರ್ಟ್ಸ್ ಕಾರು ಅಂದರೆ ತಪ್ಪಿಲ್ಲ. ಬೆಲೆ ಜಾಸ್ತಿ, ಆರೈಕೆ ಅದಕ್ಕಿಂತ ಜಾಸ್ತಿ. ಅದರ ವೇಗವೆಲ್ಲ ನೆಲ ಮುಟ್ಟುವ ನಾಲ್ಕು ಗೊರಸಿನ ಮೇಲೆ ನಿಂತಿದೆ. ನಾಲ್ಕರಿಂದ ಆರು ವಾರಕ್ಕೊಮ್ಮೆ ಗೊರಸು ಕೆತ್ತಿ ಲಾಳ ಬದಲಿಸಬೇಕು. ದಿನದ ಓಡಾಟಕ್ಕೆ ಕಬ್ಬಿಣದ ಲಾಳ, ಪಂದ್ಯಕ್ಕೆ ಹಗುರವಾದ ಅಲ್ಯುಮಿನಿಯಂ ಲಾಳ. ಒಂದು ಮೊಳೆ ಒಂದಿಷ್ಟು ಒಳಗೆ ಹೋದರೆ ಲಕ್ಷಗಟ್ಟಲೆ ಬೆಲೆಯ ಕುದುರೆ ಕುಂಟುತ್ತದೆ. ಎತ್ತಿಗೆ ಲಾಳ ಕಟ್ಟಿಸಿ ಗೊತ್ತಿರುವ ನಿಮಗೆ ಇದನ್ನು ಹೆಚ್ಚು ಹೇಳಬೇಕಿಲ್ಲ.

1992ರಲ್ಲಿ ಈ ಫಾರಂ ಅನ್ನು ವಿಜಯ್ ಮಲ್ಯ ಅವರ ಯುನೈಟೆಡ್ ರೇಸಿಂಗ್ ಅಂಡ್ ಬ್ಲಡ್‌ಸ್ಟಾಕ್ ಬ್ರೀಡರ್ಸ್ ಗುತ್ತಿಗೆಗೆ ಪಡೆಯಿತು. ಅದೇ ಮಲ್ಯ 2007ರಲ್ಲಿ ಫಾರ್ಮುಲಾ ಒನ್ ಕಾರ್ ರೇಸಿನ ಒಂದು ತಂಡ ಕೊಂಡು, 'ಫೋರ್ಸ್ ಇಂಡಿಯಾ' ಎಂದು ಹೆಸರಿಟ್ಟರು. 2008ರಿಂದ 2018ರವರೆಗೆ ಆ ತಂಡ ಪ್ರಪಂಚದ ಟ್ರ್ಯಾಕುಗಳಲ್ಲಿ ಓಡಿತು. ಕುಣಿಗಲ್‌ನ ಲಾಳಕ್ಕೂ ಪ್ರಪಂಚದಲ್ಲೇ ಅತಿ ತಗ್ಗಿನ ಕಾರುಗಳಿಗೂ ಇಷ್ಟು ಹತ್ತಿರದ ನಂಟು ಇತ್ತು. ಆ ಕಾರುಗಳ ಮಾತಿಗೆ ಮತ್ತೆ ಬರುತ್ತೇವೆ. ಮೊದಲು ಗಾಳಿ.

ಗಾಳಿ ಹೊಕ್ಕಿದ್ದು

ಗಾಳಿ ತುಂಬಿದ ಚಕ್ರದ ಯೋಚನೆಗೆ ಸ್ಕಾಟ್ಲೆಂಡಿನ ರಾಬರ್ಟ್ ಥಾಮ್ಸನ್ 1845ರಲ್ಲೇ ಪೇಟೆಂಟ್ ಪಡೆದಿದ್ದ. ಆಗ ಯಾರೂ ಅದನ್ನು ಕೇಳಲಿಲ್ಲ. 1888ರಲ್ಲಿ ಬೆಲ್‌ಫಾಸ್ಟ್ ಊರಿನ ಜಾನ್ ಬಾಯ್ಡ್ ಡನ್ಲಪ್ ಮಗನ ಮೂರು ಚಕ್ರದ ಸೈಕಲ್ಲಿಗೆ ರಬ್ಬರ್ ಕೊಳವೆ ಸುತ್ತಿ ಗಾಳಿ ತುಂಬಿದ. ಅದು ಗೆದ್ದಿತು. ಈ ಡನ್ಲಪ್ ಕಸುಬಿನಲ್ಲಿ ದನದ ಡಾಕ್ಟರು. 1895ರಲ್ಲಿ ಫ್ರಾನ್ಸಿನ ಮಿಷೆಲಿನ್ ಅಣ್ಣತಮ್ಮಂದಿರು ಪ್ಯಾರಿಸ್ಸಿನಿಂದ ಬೋರ್ಡೊಗೆ ಹೋಗಿ ವಾಪಸ್ ಬರುವ ರೇಸಿನಲ್ಲಿ ಗಾಳಿ ಟೈರಿನ ಕಾರು ಓಡಿಸಿದರು. ದಾರಿಯುದ್ದಕ್ಕೂ ಪಂಕ್ಚರ್, ಗೆಲ್ಲಲಿಲ್ಲ. ಆದರೆ ಕಾರಿಗೂ ಗಾಳಿ ಟೈರು ನಡೆಯುತ್ತದೆ ಎಂದು ಜನ ನಂಬಿದರು.

ಪಂಕ್ಚರ್ ಕಾಟಕ್ಕೆ 1904ರಲ್ಲಿ ವೇಲ್ಸ್ ಸೀಮೆಯ ಲಾನೆಲಿ ಎಂಬ ಊರಲ್ಲಿ ಒಂದು ಮದ್ದು ಹುಟ್ಟಿತು: ಬಿಡಿ ಚಕ್ರ. ಅದನ್ನು ಮಾಡುತ್ತಿದ್ದ ಅಂಗಡಿ ಇದ್ದ ಬೀದಿಯ ಹೆಸರು ಸ್ಟೆಪ್ನಿ ಸ್ಟ್ರೀಟ್. ನಾವು ದಿನವೂ ಹೇಳುವ 'ಸ್ಟೆಪ್ನಿ' ಬಂದದ್ದು ಅಲ್ಲಿಂದ.

ನಮ್ಮ ದೇಶದಲ್ಲಿ ಡನ್ಲಪ್ ಕಂಪನಿ 1936ರಲ್ಲಿ ಬಂಗಾಳದ ಸಾಹಾಗಂಜ್‌ನಲ್ಲಿ ಕಾರ್ಖಾನೆ ತೆರೆಯಿತು. ನಮ್ಮ ರಾಜ್ಯದ ಮೈಸೂರಿನಲ್ಲಿ ವಿಕ್ರಾಂತ್ ಟೈರ್ ಬಂತು, 1997ರಲ್ಲಿ ಅದು ಜೆ.ಕೆ. ಟೈರ್ ಕೈ ಸೇರಿತು. ಈ ನಡುವೆ ಎತ್ತಿನ ಗಾಡಿಗೂ ಟೈರು ಬಂತು. ಮರದ ಗಾಲಿ ಹೋಗಿ 'ಟೈರ್ ಗಾಡಿ' ಬಂದಾಗ ಎತ್ತಿಗೆ ಭಾರ ಹಗುರಾಯಿತು, ರಸ್ತೆಗೆ ಪಟ್ಟಿಯ ಏಟು ತಪ್ಪಿತು, ಗಾಡಿಯೂ ತಗ್ಗಿತು. ನಮ್ಮ ಜಿಲ್ಲೆಯ ಮೊದಲ 'ಲೋಯರಿಂಗ್' ಬಹುಶಃ ಅದೇ!

ಗಾಳಿ ಹೇಗೆ ಭಾರ ಹೊರುತ್ತದೆ? ಲೆಕ್ಕ ಸುಲಭ. ಟೈರಿನ ಒತ್ತಡ ಅಳೆಯುವುದು ಪಿಎಸ್‌ಐನಲ್ಲಿ. ಇದು ಠಾಣೆಯ ಪಿಎಸ್‌ಐ ಅಲ್ಲ. ಒಂದು ಚದರ ಇಂಚಿನ ಮೇಲೆ ಎಷ್ಟು ಪೌಂಡ್ ಒತ್ತಡ ಎನ್ನುವ ಅಳತೆ. 1,200 ಕೆ.ಜಿ. ಕಾರಿನ ಒಂದು ಚಕ್ರದ ಪಾಲಿಗೆ 300 ಕೆ.ಜಿ., ಅಂದರೆ ಸುಮಾರು 660 ಪೌಂಡ್. ಗಾಳಿ 33 ಪಿಎಸ್‌ಐ ಇದ್ದರೆ, 660ನ್ನು 33ರಿಂದ ಭಾಗಿಸಿ: ನೆಲ ಮುಟ್ಟುವ ಜಾಗ ಸುಮಾರು 20 ಚದರ ಇಂಚು. ನಿಮ್ಮ ಒಂದು ಅಂಗೈಯಷ್ಟು. ಕೋಟಿ ರೂಪಾಯಿ ಕಾರಾಗಲಿ, ಹಳೇ ಮಾರುತಿಯಾಗಲಿ, ಬ್ರೇಕು, ತಿರುವು, ವೇಗ ಎಲ್ಲ ನಿಂತಿರುವುದು ಹೆಚ್ಚು ಕಮ್ಮಿ ಇಂಥ ನಾಲ್ಕು ಅಂಗೈಗಳ ಮೇಲೆ.

ಟ್ರ್ಯಾಕ್ಟರಿನ ಹಿಂದಿನ ಟೈರಿಗೆ ಹೊಲದಲ್ಲಿ 12ರಿಂದ 15 ಪಿಎಸ್‌ಐ ಇಡುವುದೂ ಇದೇ ಲೆಕ್ಕದಿಂದ. ಗಾಳಿ ಕಮ್ಮಿ ಇದ್ದರೆ ಜಾಗ ಅಗಲವಾಗುತ್ತದೆ, ಮಣ್ಣು ಗಟ್ಟಿಯಾಗುವುದಿಲ್ಲ, ಚಕ್ರ ಜಾರುವುದಿಲ್ಲ. ಆದರೆ ಅಷ್ಟೇ ಗಾಳಿಯಲ್ಲಿ ಹೆದ್ದಾರಿ ಮೇಲೆ ಭಾರ ಹೇರಿ ಜೋರಾಗಿ ಓಡಿಸಿದರೆ ಟೈರಿನ ಗೋಡೆ ಬಾಗಿ ಬಾಗಿ ಕಾಯುತ್ತದೆ. ಕಾದರೆ ಒಳಗಿನ ಪದರ ಬಿಡುತ್ತದೆ. ನಾವು ಬರೆಯುವ 'ಸಿಡಿತ' ಶುರುವಾಗುವುದು ಬಹಳ ಸಲ ಹೀಗೆ.

ಕಾರು ತಗ್ಗಿದ್ದು ಯಾಕೆ

ರಾಗಿ ಹುಲ್ಲು ಎತ್ತರಕ್ಕೆ ಒಟ್ಟಿದ ಗಾಡಿ ತಿರುವಿನಲ್ಲಿ ವಾಲುವುದನ್ನು ನೋಡಿದ್ದೀರಿ. ಅದೇ ಗಾಡಿಯಲ್ಲಿ ಕಲ್ಲು ಹೇರಿದರೆ ವಾಲುವುದಿಲ್ಲ, ಯಾಕೆಂದರೆ ಭಾರ ಕೆಳಗಿದೆ. ರೇಸ್ ಕಾರು ತಗ್ಗಿದ್ದು ಇದಕ್ಕೇ. ಭಾರ ನೆಲಕ್ಕೆ ಹತ್ತಿರ ಇದ್ದಷ್ಟೂ ತಿರುವಿನಲ್ಲಿ ಜೋರು.

1960ರ ದಶಕದಲ್ಲಿ ಈ ಹುಚ್ಚು ಏರಿತು. ಫೋರ್ಡ್ ಕಂಪನಿಯ ಜಿಟಿ40 ಕಾರಿನ ಹೆಸರಿನಲ್ಲಿರುವ 40 ಅದರ ಎತ್ತರ: 40 ಇಂಚು. ಅಂಗನವಾಡಿಗೆ ಹೋಗುವ ಮಗುವಿನಷ್ಟು. ಫ್ರಾನ್ಸಿನ ಲೆ ಮಾನ್ ಎಂಬಲ್ಲಿ ನಡೆಯುವ 24 ಗಂಟೆಗಳ ರೇಸನ್ನು 1966ರಿಂದ 1969ರವರೆಗೆ ನಾಲ್ಕು ವರ್ಷವೂ ಅದೇ ಗೆದ್ದಿತು.

ಇದೇ ಕಾಲದಲ್ಲಿ ಇಟಲಿಯ ಒಬ್ಬ ರೈತನ ಮಗ ಕಾರು ಮಾಡಲು ಇಳಿದ. ಹೆಸರು ಫೆರುಚಿಯೊ ಲಂಬೋರ್ಗಿನಿ. 1948ರಲ್ಲಿ ಆತ ಶುರು ಮಾಡಿದ್ದು ಟ್ರ್ಯಾಕ್ಟರ್ ಕಾರ್ಖಾನೆ. ಕಾರಿನ ಕಾರ್ಖಾನೆ 1963ರದು. ಇವತ್ತು ಹುಡುಗರ ಮೊಬೈಲ್ ವಾಲ್‌ಪೇಪರಿನಲ್ಲಿರುವ ಲಂಬೋರ್ಗಿನಿ ಹುಟ್ಟಿದ್ದು ಉಳುಮೆಯ ಮನೆಯಲ್ಲಿ ಎಂದು ತಾತನಿಗೆ ಹೇಳಿದಾಗ, "ಹಂಗಾದ್ರೆ ಹೊಲಕ್ಕಿಳಿಯೋ ಬುದ್ಧಿ ಯಾಕೆ ಮರೆತಾ?" ಅಂದರು.

1978ರಲ್ಲಿ ಲೋಟಸ್ ತಂಡ ಇನ್ನೊಂದು ಹೆಜ್ಜೆ ಹೋಯಿತು. ಕಾರಿನ ಹೊಟ್ಟೆಗೂ ನೆಲಕ್ಕೂ ನಡುವಿನ ಸಂದಿಯನ್ನು ಹದವಾಗಿ ರೂಪಿಸಿದರೆ, ಅಲ್ಲಿ ಜೋರಾಗಿ ಹರಿಯುವ ಗಾಳಿಯಿಂದ ಒತ್ತಡ ಕಮ್ಮಿಯಾಗಿ ಕಾರು ನೆಲಕ್ಕೆ ಕಚ್ಚಿಕೊಳ್ಳುತ್ತದೆ. ಆ ವರ್ಷ ಲೋಟಸ್ಸಿನ ಮಾರಿಯೊ ಆಂಡ್ರೆಟ್ಟಿ ಚಾಂಪಿಯನ್ ಆದ. ಆದರೆ ಆ ಸಂದಿ ಒಂದು ಕ್ಷಣ ಕೆಟ್ಟರೆ ಹಿಡಿತವೂ ಅದೇ ಕ್ಷಣ ಹೋಗುತ್ತದೆ. ಅಪಾಯ ನೋಡಿ 1983ರಿಂದ ಫಾರ್ಮುಲಾ ಒನ್ ಕಾರುಗಳ ಹೊಟ್ಟೆ ಚಪ್ಪಟೆ ಇರಬೇಕೆಂದು ನಿಯಮ ಮಾಡಿದರು.

1994ರ ಮೇ 1ರಂದು ಐರ್ಟನ್ ಸೆನ್ನಾ ರೇಸಿನಲ್ಲಿ ತೀರಿಕೊಂಡ ಮೇಲೆ ಇನ್ನೊಂದು ನಿಯಮ ಬಂತು. ಕಾರಿನ ಹೊಟ್ಟೆಗೆ 10 ಮಿಲಿಮೀಟರ್ ದಪ್ಪದ ಮರದ ಹಲಗೆ ಕಟ್ಟಬೇಕು. ರೇಸ್ ಮುಗಿದಾಗ ಅದು 1 ಮಿಲಿಮೀಟರಿಗಿಂತ ಹೆಚ್ಚು ಸವೆದಿದ್ದರೆ, ಕಾರು ಅತಿಯಾಗಿ ತಗ್ಗಿತ್ತು ಎಂದರ್ಥ. ಗೆದ್ದಿದ್ದರೂ ಗೆಲುವಿಲ್ಲ. ಅದೇ ವರ್ಷ ಬೆಲ್ಜಿಯಂನಲ್ಲಿ ಮೊದಲು ಬಂದ ಮೈಕಲ್ ಶೂಮಾಕರ್ ಗೆಲುವು ಕಳೆದುಕೊಂಡದ್ದು ಹಲಗೆ ಸವೆದಿದ್ದಕ್ಕೇ. ಕುಣಿಗಲ್ ಫಾರಂ ನಡೆಸಿದವರ ಫೋರ್ಸ್ ಇಂಡಿಯಾ ಕಾರುಗಳೂ ಹೊಟ್ಟೆಗೆ ಹಲಗೆ ಕಟ್ಟಿಕೊಂಡೇ ಓಡಿದವು.

ವೇಗವೇ ದೇವರು ಅನ್ನುವ ಜನ ಕೂಡ "ಇದಕ್ಕಿಂತ ಕೆಳಗೆ ಬೇಡ" ಎಂದು ಒಂದು ಗೆರೆ ಎಳೆದು, ಅದನ್ನು ಅಳತೆಪಟ್ಟಿ ಹಿಡಿದು ಕಾಯುತ್ತಿದ್ದಾರೆ.

ನಮ್ಮ ಗ್ಯಾರೇಜಿನ ಲೋಯರಿಂಗ್

ನಮ್ಮಲ್ಲಿ ಗೆರೆ ಎಲ್ಲಿದೆ? ಕಾಲೇಜು ಹುಡುಗರು ಹಳೆಯ ಕಾರು ಕೊಂಡು 'ಲೋ' ಮಾಡಿಸುತ್ತಾರೆ. ದುಡ್ಡಿದ್ದವರು ಎತ್ತರ ಹೊಂದಿಸುವ ಸ್ಪ್ರಿಂಗ್ ತರಿಸುತ್ತಾರೆ, ಇಲ್ಲದವರು ಇದ್ದ ಸ್ಪ್ರಿಂಗನ್ನೇ ಕತ್ತರಿಸುತ್ತಾರೆ. ಕತ್ತರಿಸಿದ ಸ್ಪ್ರಿಂಗಿಗೆ ಕುಗ್ಗಲು ಜಾಗ ಉಳಿಯುವುದಿಲ್ಲ. ಪ್ರತಿ ಗುಂಡಿಯ ಏಟೂ ನೇರ ಬಾಡಿಗೆ. ಚಕ್ರ ಒಳಕ್ಕೆ ವಾಲಿ ಟೈರಿನ ಒಳ ಅಂಚು ಸವೆಯುತ್ತದೆ. ಹೊರಗಿನಿಂದ ಟೈರು ಹೊಸದಾಗಿಯೇ ಕಾಣುತ್ತದೆ, ಒಳಗೆ ದಾರ ಎದ್ದಿರುತ್ತದೆ. ತಿರುವಿನಲ್ಲಿ ಟೈರು ಮಡ್‌ಗಾರ್ಡಿಗೆ ಉಜ್ಜುತ್ತದೆ.

ಕಾನೂನೂ ಇದನ್ನು ಒಪ್ಪುವುದಿಲ್ಲ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ಅಳತೆ ಮೀರಿ ವಾಹನ ಬದಲಿಸುವಂತಿಲ್ಲ. ಕೇರಳದ ಒಂದು ಪ್ರಕರಣದಲ್ಲಿ 2019ರ ಜನವರಿ 9ರಂದು ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. 2019ರ ತಿದ್ದುಪಡಿಯ ನಂತರ ಇಂಥ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಅಪಘಾತವಾದರೆ ವಿಮೆ ಕಂಪನಿ ತಕರಾರು ತೆಗೆಯಲೂ ದಾರಿ ಸಿಗುತ್ತದೆ.

ಹಂಪು ಎದ್ದದ್ದು

ಹಾಗಾದರೆ ತಪ್ಪೆಲ್ಲ ಗಿಡ್ಡ ಕಾರಿನದೇ? ಇಲ್ಲಿ ನಮ್ಮ ಕಡೆಯ ಮಾತನ್ನೂ ಹೇಳಬೇಕು.

ರಸ್ತೆಗಳು ಅಗಲವಾದವು, ನಾಲ್ಕು ಪಥವಾದವು. ಡಾಂಬರು ನುಣುಪಾದ ಹಾಗೆ ವೇಗ ಊರೊಳಗೂ ಬಂತು. ಶಾಲೆ ಬಿಟ್ಟ ಮಗುವೋ, ಹಾಲು ಹಾಕಿ ಬರುತ್ತಿದ್ದ ಹೆಂಗಸೋ ಗಾಡಿಗೆ ಸಿಕ್ಕಿದರೆ ಮರುದಿನ ಊರಿನವರು ರಸ್ತೆ ತಡೆಯುತ್ತಾರೆ. ಸಂಜೆಯೊಳಗೆ ಜಲ್ಲಿ, ಸಿಮೆಂಟು ಬರುತ್ತದೆ. ಹಂಪು ಏಳುತ್ತದೆ. ನಮ್ಮ ಎಷ್ಟೋ ಊರುಗಳ ಹಂಪಿನ ಹಿಂದೆ ಒಂದು ಸಾವಿದೆ. ಅದನ್ನು ತೆಗೆಯಿರಿ ಅನ್ನುವ ಧೈರ್ಯ ಯಾರಿಗೂ ಇಲ್ಲ, ನಮಗೂ ಇಲ್ಲ.

ಆದರೆ ಅದಕ್ಕೂ ಒಂದು ಅಳತೆ ಇದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲೇ ಬರೆದಿಟ್ಟಿದೆ: ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್, ಮೇಲೆ ನಯವಾದ ಕಮಾನು. 25 ಕಿ.ಮೀ. ವೇಗದಲ್ಲಿ ದಾಟುವ ಹಾಗೆ. ಮುಂಚೆಯೇ ಫಲಕ, ಮೇಲೆ ಬಿಳಿ ಬಣ್ಣ.

ಈ ಅಳತೆಯ ಹಂಪಿನ ನೆತ್ತಿಯ ಮೇಲೆ ಕಾರಿನ ಮಧ್ಯಭಾಗ ಬಂದಾಗ ಮುಂದಿನ, ಹಿಂದಿನ ಚಕ್ರಗಳೂ ಕಮಾನಿನ ಮೇಲೇ ಇರುತ್ತವೆ. ಎರಡು ಚಕ್ರಗಳ ನಡುವೆ 2.6 ಮೀಟರ್ ಇರುವ ಕಾರಿಗೆ ಲೆಕ್ಕ ಹಾಕಿದರೆ, ಹೊಟ್ಟೆಯ ಕೆಳಗೆ ಕಳೆದುಹೋಗುವ ಜಾಗ ಸುಮಾರು 5 ಸೆಂಟಿಮೀಟರ್ ಮಾತ್ರ. 12 ಸೆಂಟಿಮೀಟರ್ ಎತ್ತರದ ಸ್ಪೋರ್ಟ್ಸ್ ಕಾರಿನ ಹೊಟ್ಟೆಯೂ ಉಜ್ಜುವುದಿಲ್ಲ. ಅದೇ ಅಂದಾಜಿಗೆ ಕಟ್ಟಿದ, ಒಂದು ಮೊಳ ಅಗಲ, 20 ಸೆಂಟಿಮೀಟರ್ ಎತ್ತರದ ದಿಣ್ಣೆಯಾದರೆ 16–17 ಸೆಂಟಿಮೀಟರ್ ಎತ್ತರದ ಮಾಮೂಲಿ ಕಾರೂ ಉಜ್ಜುತ್ತದೆ.

ಕೆಂಪು ಕಾರು ಉಜ್ಜಿದ್ದಕ್ಕೆ ನಾವು ನಕ್ಕೆವು, ಸರಿ. ಆದರೆ ಅದೇ ದಿಣ್ಣೆಯ ಮೇಲೆ 108 ಆಂಬುಲೆನ್ಸ್‌ನಲ್ಲಿ ಬಸುರಿ ಹೆಂಗಸು ಹೋಗುತ್ತಾಳೆ. ರಾತ್ರಿ ಬಣ್ಣವಿಲ್ಲದ ಹಂಪು ಕಾಣದೆ ಬೈಕಿನಿಂದ ಎಗರಿ ಬೀಳುವವನು ನಮ್ಮೂರವನೇ. ಮಗುವನ್ನು ಉಳಿಸಲು ಎದ್ದ ಹಂಪು ಇನ್ನೊಬ್ಬರನ್ನು ಬೀಳಿಸಬಾರದು. ಗ್ರಾಮ ಪಂಚಾಯಿತಿಯಲ್ಲಿ, ಲೋಕೋಪಯೋಗಿ ಇಲಾಖೆಯಲ್ಲಿ ಅರ್ಜಿ ಕೊಡುವಾಗ "ಹಂಪು ಹಾಕಿಸಿ" ಅನ್ನುವ ಬದಲು "10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲದ ಹಂಪು, ಫಲಕ, ಬಣ್ಣ" ಎಂದು ಬರೆಯಿರಿ. ಇದನ್ನು ಕೇಳುವುದು ನಮ್ಮ ಹಕ್ಕು.

ಗುಬ್ಬಿಯ ಪಂಕ್ಚರ್ ಅಂಗಡಿ

ಗಾಳಿಯ ಮಾತು ಕೇಳಲು ಗುಬ್ಬಿಯ ಬಿ.ಎಚ್. ರಸ್ತೆ ಬದಿಯ ಒಂದು ಪಂಕ್ಚರ್ ಅಂಗಡಿಗೆ ಹೋದೆವು. ಅಂಗಡಿಯ ಅಣ್ಣ ಒಂದು ದುಬಾರಿ ಕಾರಿನ ಕತೆ ಹೇಳಿದರು. ರಾತ್ರಿ ಗುಂಡಿಗೆ ಬಿದ್ದು ಟೈರಿನ ಗೋಡೆ ಸೀಳಿತ್ತು. "ಮೇಲಗಡೆ ಮೊಳೆ ಹೊಕ್ಕಿದ್ರೆ ಹಾಕ್ಕೊಡ್ತಿದ್ದೆ ಸಾರ್. ಗೋಡೆ ಹರಿದ್ರೆ ಬ್ರಹ್ಮನೂ ಪಂಕ್ಚರ್ ಹಾಕಲ್ಲ. ಸ್ಟೆಪ್ನಿ ಎಲ್ಲಿ ಅಂದ್ರೆ ಇಲ್ಲವೇ ಇಲ್ಲ ಅಂದ್ರು." ಬೆಳಗ್ಗೆ ಬೆಂಗಳೂರಿನಿಂದ ಲಾರಿ ಬಂದು ಕಾರನ್ನು ಹೊತ್ತುಕೊಂಡು ಹೋಯಿತಂತೆ.

ಇದಕ್ಕೂ ಚರಿತ್ರೆ ಇದೆ. ಇಂಥ ಕಾರುಗಳ ಟೈರಿಗೆ ಗೋಡೆ ಬಹಳ ಗಿಡ್ಡ. ತಿರುವಿಗೆ ಒಳ್ಳೆಯದು, ಗುಂಡಿಗೆ ಕೆಟ್ಟದ್ದು. ಒತ್ತಡವನ್ನು ತಾನೇ ಅಳೆದು ಹೇಳುವ ಯಂತ್ರವನ್ನು ಪೋರ್ಶೆ ಕಂಪನಿ 1986ರಲ್ಲಿ ತನ್ನ 959 ಕಾರಿಗೆ ಕೂರಿಸಿತು. ಈಗ ಆ ಯಂತ್ರ, ಟ್ಯೂಬ್‌ಲೆಸ್ ಟೈರು, ರಿಪೇರಿ ಕಿಟ್ ಇದ್ದರೆ ಸ್ಟೆಪ್ನಿ ಇಲ್ಲದಿದ್ದರೂ ನಡೆಯುತ್ತದೆ ಎಂದು ನಮ್ಮ ಸರ್ಕಾರವೂ 2020ರಲ್ಲಿ ಒಪ್ಪಿದೆ.

ಆದರೆ ಆ ಅಣ್ಣನಿಗೆ ಹೆಚ್ಚು ಬೇಜಾರಿದ್ದದ್ದು ಕೋಟಿ ಕಾರಿನವರ ಮೇಲಲ್ಲ. "ನಮ್ಮೋರು ತೆಂಗಿನಕಾಯಿ ಹೇರ್ಕೊಂಡು ಬರ್ತಾರೆ, ಗಾಳಿ ಎಷ್ಟು ಹಾಕ್ಲಿ ಅಂದ್ರೆ, ಹಾಕು ಒಂದು ಅಂದಾಜಿಗೆ ಅಂತಾರೆ. ಕಾಲಲ್ಲಿ ಒಂದು ಸಲ ಒದ್ದು ನೋಡ್ತಾರೆ ಅಷ್ಟೇ."

ಒದ್ದು ನೋಡುವುದು ಅಳತೆಯಲ್ಲ. ಎಷ್ಟು ಗಾಳಿ ಎಂಬುದು ಡ್ರೈವರ್ ಬಾಗಿಲ ಪಕ್ಕದ ಚೀಟಿಯಲ್ಲೋ ಗಾಡಿಯ ಪುಸ್ತಕದಲ್ಲೋ ಬರೆದಿರುತ್ತದೆ. ಭಾರ ಹೇರಿದಾಗಿನ ಅಳತೆಯೂ ಅಲ್ಲೇ ಇರುತ್ತದೆ. ಟೈರಿನ ಮೇಲೆ ಕೆತ್ತಿರುವ ದೊಡ್ಡ ಸಂಖ್ಯೆ ಟೈರು ತಡೆಯುವ ಗರಿಷ್ಠ ಒತ್ತಡ, ಅದನ್ನು ತುಂಬಬಾರದು. ಬೆಳಗ್ಗೆ ಗಾಡಿ ತಣ್ಣಗಿರುವಾಗ ಅಳೆಯಿರಿ. ಪಂಕ್ಚರ್ ಇಲ್ಲದಿದ್ದರೂ ತಿಂಗಳಿಗೆ ಸುಮಾರು 1 ಪಿಎಸ್‌ಐ ತಾನಾಗಿ ಇಳಿಯುತ್ತದೆ. ಯುಗಾದಿಗೆ ತುಂಬಿಸಿದ 32 ದಸರಾಕ್ಕೆ 26 ಆಗಿರಬಹುದು. ಓಡಿ ಬಂದ ಟೈರಿನಲ್ಲಿ ನಾಲ್ಕೈದು ಪಿಎಸ್‌ಐ ಜಾಸ್ತಿ ತೋರಿಸುತ್ತದೆ, ಬಿಸಿಗೆ ಗಾಳಿ ಹಿಗ್ಗಿರುತ್ತದೆ. ಆಗ ಗಾಳಿ ಬಿಟ್ಟರೆ ತಣ್ಣಗಾದ ಮೇಲೆ ಕಮ್ಮಿಯಾಗುತ್ತದೆ. ನೈಟ್ರೋಜನ್ ಸಿಗದಿದ್ದರೆ ಚಿಂತೆ ಬೇಡ, ಮಾಮೂಲಿ ಗಾಳಿಯಲ್ಲೇ ಅದು 78 ಪಾಲು ಇದೆ.

ಟೈರಿನ ವಯಸ್ಸೂ ಅದರ ಮೈಮೇಲೇ ಇದೆ. ಗೋಡೆಯ ಮೇಲೆ ನಾಲ್ಕು ಅಂಕಿ ಹುಡುಕಿ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ಮಾಡಿದ್ದು. ಸೆಕೆಂಡ್ ಹ್ಯಾಂಡ್ ಟೈರು ಕೊಳ್ಳುವಾಗ ಹೂವು ಎಷ್ಟಿದೆ ಎಂದಷ್ಟೇ ನೋಡದೆ ಈ ಅಂಕಿಯನ್ನೂ ನೋಡಿ. ಒಳ ಅಂಚಿಗೆ ಕೈ ಹಾಕಿ ಸವರಿ.

ಮುಂದಿನ ಸಲ ಆ ಊರಿಗೆ ಹೋದಾಗ ತಾತನಿಗೆ ಉತ್ತರ ಕೊಟ್ಟೆವು. ಆ ಕಾರು ತಗ್ಗಿರುವುದು ಜೋರಾಗಿ ತಿರುಗಲು ತಾತ, ಅದರ ರಸ್ತೆಯೇ ಬೇರೆ. ನಮ್ಮ ಹಂಪೂ ಅಳತೆ ಮೀರಿದೆ ಎಂದೆವು. ತಾತ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರೆ ಟೇಪು ತಗಂಬನ್ನಿ, ಅಳೆಯಾನ" ಅಂದರು.

ಅಳೆದೆವು. 19 ಸೆಂಟಿಮೀಟರ್ ಇತ್ತು. ಅರ್ಜಿಯಲ್ಲಿ ಆ ಅಂಕಿಯನ್ನೇ ಬರೆದು ಪಂಚಾಯಿತಿಗೆ ಕೊಟ್ಟಿದ್ದೇವೆ. ಇನ್ನು ಮುಂದೆ ನಮ್ಮ ಸುದ್ದಿಯಲ್ಲೂ "ಟೈರ್ ಸಿಡಿದು" ಎಂದು ಬರೆಯುವ ಮುಂಚೆ, ಗಾಳಿ ಎಷ್ಟಿತ್ತು, ಟೈರು ಯಾವ ವರ್ಷದ್ದು ಎಂದು ಕೇಳುತ್ತೇವೆ.